ಒಂದು ಸೆಂಟಿಮೀಟರು

ಮುಖ ಬೇಡ, ಕೈ ತೋರಿಸಿ ಎಂದೆ.
ಹದಿನೆಂಟು ಚೌಕಗಳಲ್ಲಿ ಹದಿನೆಂಟು ಕ್ಯಾಮೆರಾ
ತಲೆ ಬಗ್ಗಿಸಿದವು.
ಗಲ್ಲ ಹೋಯಿತು, ಕಾಲರು ಹೋಯಿತು,
ಉಳಿದದ್ದು ಒಂದರ ಮೇಲೊಂದು ಹೆಣೆದ ಅಂಗೈ,
ಅದರಡಿ, ಗೊಂಬೆ ಸಿಗದವರ ಗೊಂಬೆಗಳು:
ತಲಾಸಿನ ಬೆಗಿಮಾಯಿಗೆ ಹಾಸ್ಟೆಲಿನ ದಿಂಬು,
ಓಷ್‌ನ ಅವಳಿ ಹುಡುಗರಿಗೆ ಒಂದೇ ಕಂಬಳಿ ಸುರುಳಿ, ಸರದಿಯ ಮೇಲೆ,
ಒಬ್ಬಳಿಗೆ ತಮ್ಮನ ಕರಡಿ. ತಮ್ಮ ಅಳುವುದು ಕೇಳುತ್ತಿತ್ತು.
ನರಿನ್ ದಾಟಿ, ಕಣಿವೆಯ ಕೊನೆಯ ಆರೋಗ್ಯ ಕೇಂದ್ರದಲ್ಲಿ
ಸತಾರ್‌ಕುಲ್ ಎಂಬ ಹಿರಿಯ ಫೆಲ್ಡ್‌ಷರರಿಗೆ
ಹತ್ತು ಕಿಲೋ ಹಿಟ್ಟಿನ ಮೂಟೆ.

ನಿಮಿಷಕ್ಕೆ ನೂರ ಹತ್ತು.
ಮೆಟ್ರೊನೋಮ್ ಟಕ್ಕೆನ್ನುವುದು ಬಿಷ್ಕೆಕ್‌ನ ನನ್ನ ಅಡುಗೆಮನೆಯಲ್ಲಿ;
ಅವರಿಗೆ ಮುಟ್ಟುವಷ್ಟರಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಡ.
ಎಣಿಕೆ ಬಿಟ್ಟು ಕೈಗಳನ್ನೇ ನೋಡಿದೆ.
ಹಿಟ್ಟಿನ ಮೂಟೆ ಒತ್ತಿದಾಗೊಮ್ಮೆ
ಹೊಲಿಗೆಯ ಸಂದಿಯಿಂದ ಬಿಳಿಯ ಉಸಿರು ಬಿಡುತ್ತಿತ್ತು.

ಬಾಯ್ಕೆ, ಒತ್ತುತ್ತೀರಿ, ಬಿಡುತ್ತಿಲ್ಲ.
ಒತ್ತಿದಷ್ಟೂ ಬಿಡಬೇಕು. ಎದೆ ಪೂರ್ತಿ ಮೇಲೆ ಬಂದರೇ
ರಕ್ತ ಒಳಗೆ ಬರುವುದು.

ಹಿಟ್ಟು ಮೇಲೆ ಬರುವುದಿಲ್ಲ ಮಗಳೇ.
ಒತ್ತಿದರೆ ಒತ್ತಿದಲ್ಲೇ ಕೂರುತ್ತದೆ.

ಹಾಗಾದರೆ ನೀವೇ ಮೇಲೆ ಬನ್ನಿ ಎಂದೆ.
ಯಾರೋ ನಕ್ಕರು. ಕೈಗಳಿಗೆ ನಗು ಬರುವುದಿಲ್ಲವಾದ್ದರಿಂದ
ಯಾರೆಂದು ತಿಳಿಯಲಿಲ್ಲ.

ಮುಂದಿನ ಸ್ಲೈಡು: ವಯಸ್ಕರಿಗೆ ಆಳ
ಐದಕ್ಕೆ ಕಮ್ಮಿಯಿಲ್ಲ, ಆರು ಮೀರುವಂತಿಲ್ಲ.
ಹಿಟ್ಟಿನ ಮೇಲಿನ ಕೈ ನಿಂತಿತು.

ತರಗತಿ ಮುಗಿದು ಚೌಕಗಳು ಒಂದೊಂದೇ ಆರಿದವು.
ಒಂದು ಆರಲಿಲ್ಲ.
ನಾವು ಕಲಿಯುವಾಗ ನಾಲ್ಕು ಎಂದಿತ್ತು.
ನಾಲ್ಕು ಸಾಕೆಂದಿತ್ತು, ಹೌದು. ಆಮೇಲೆ ಬದಲಾಯಿತು.
ಯಾವಾಗ?
ಇಸವಿ ಹೇಳಿದೆ.
ಹಿಟ್ಟು ಮೆತ್ತಿದ ತೋರುಬೆರಳು ಮೇಜಿನ ಮೇಲೆ
ಏನನ್ನೋ ಬರೆದು, ಏನನ್ನೋ ಕಳೆಯಿತು.

ಎರಡು ಚಳಿಗಾಲ ಮೊದಲೇ ಬದಲಾಗಿತ್ತು.
ನಮ್ಮ ಕಣಿವೆ ಹತ್ತಲಿಲ್ಲ ಆ ಸುದ್ದಿ.
ಅಂಬ್ಯುಲೆನ್ಸಿಗೂ ಹತ್ತಲು ಎರಡು ಗಂಟೆ.
ಝೂರಾಗೆ ನಲವತ್ತು ನಿಮಿಷ ಒತ್ತಿದೆ,
ಪುಸ್ತಕದಲ್ಲಿದ್ದ ಹಾಗೆ, ನಾಲ್ಕೇ,
ಪಕ್ಕೆಲುಬು ಮುರಿದರೆ ಎದ್ದು ಬೈಯುತ್ತಾಳೆಂದು.
ಆ ಒಂದು ಸೆಂಟಿಮೀಟರು, ಮಗಳೇ.

ಪ್ರಶ್ನೋತ್ತರದ ಕಡತದಲ್ಲಿ ಇದು ಇರಲಿಲ್ಲ.
ಅಂಕಿಗಳು ನನಗೆ ಬಾಯಿಪಾಠ. ಎರಡು ಗಂಟೆ ದೂರದ ಯಂತ್ರ,
ಚಳಿಗಾಲ, ಒಬ್ಬರೇ ಮನುಷ್ಯ:
ಆರು ಒತ್ತಿದ್ದರೂ ಅಷ್ಟೇ ಎನ್ನಬಹುದಿತ್ತು, ಬಹುಮಟ್ಟಿಗೆ ನಿಜ.
ಆಗ ಆ ನಲವತ್ತು ನಿಮಿಷ
ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ್ದು.
ಅಲ್ಲವೆಂದರೆ, ತಪ್ಪು ಅವರ ಕೈಯದು.
ಯಾವ ಮಾತು ಕೊಟ್ಟರೂ ಒಂದನ್ನು ಕಸಿಯಬೇಕು.

ಕೈ ಇಡಿ ಎಂದೆ.
ಮಡಿಸಿದ ಟವೆಲಿನ ಮೇಲೆ ನಾನೂ ಇಟ್ಟೆ.
ಟಕ್ ಟಕ್. ನಡುವೆ ಅರ್ಧ ಕ್ಷಣದ ತಡ, ಹಾಗಾಗಿ
ನಾನು ಒತ್ತುವಾಗ ಅವರು ಬಿಡುತ್ತಿದ್ದರು,
ನಾನು ಬಿಡುವಾಗ ಅವರು.
ಗರಗಸದ ಎರಡು ಹಿಡಿ ಹಿಡಿದವರಂತೆ
ಮಾತಿಲ್ಲದೆ.
ಈಗ ಅವರ ಕೈ ಪೂರ್ತಿ ಮೇಲೆ ಬರುತ್ತಿತ್ತು.

ಎಪ್ಪತ್ತೊಂದಕ್ಕೋ ಎರಡಕ್ಕೋ ಅಲ್ಲಿ ಕರೆಂಟು ಹೋಯಿತು.
ಚೌಕ ಕಪ್ಪಾಯಿತು.
ಎರಡು ನಿಮಿಷ ತುಂಬುವವರೆಗೆ ನಾನು ನಿಲ್ಲಿಸಲಿಲ್ಲ.
ಪಕ್ಕದ ಮನೆಯವರು ಗೋಡೆ ಬಡಿದರು.

ಅಂಕಪಟ್ಟಿಯಲ್ಲಿ, ಆಳ: ಸರಿ. ಬಿಡುವು: ಸರಿ.
ಷರಾ ಎಂಬಲ್ಲಿ ಬರೆದು ಅಳಿಸಿದೆ.
ವಾರದ ಮೇಲೆ ಅವರ ಅಭಿಪ್ರಾಯದ ನಮೂನೆ ಬಂತು:
ಧ್ವನಿ ಆಗಾಗ ಕಡಿಯುತ್ತಿತ್ತು. ಶಿಕ್ಷಕಿ ತುಸು ನಿಧಾನ ಮಾತಾಡಲಿ.
ಹಿಟ್ಟು ದಂಡವಾಗಲಿಲ್ಲ, ರೊಟ್ಟಿ ಸುಟ್ಟೆವು.